ಮಂಜಿನಡಿ ಕಿವಿಗೆ ಕೂತವಳು

ಉಲಾಯು ರೇಡಿಯೋ ಬಿಂಗೋ ಆಡುವುದನ್ನು ಬಿಟ್ಟಾಗಲೇ ನಮಗೆ ಅನುಮಾನ ಬರಬೇಕಿತ್ತು. ಉತ್ತರ ಧ್ರುವದಂಚಿನ ನಮ್ಮೂರಿನಲ್ಲಿ ಬಿಂಗೋ ಬಿಡುವವರು ಎರಡೇ ಬಗೆ: ಸತ್ತವರು, ಇಲ್ಲವೇ ಪಾದ್ರಿಯ ಮಾತು ತಲೆಗೇರಿದವರು. ಮಂಗಳವಾರ ಸಂಜೆ ರೇಡಿಯೋದಲ್ಲಿ ಅಂಕಿ ಕೂಗುವ ಹೊತ್ತಿಗೆ ಬೀದಿಯಲ್ಲಿ ನಾಯಿಗಳು ಬಿಟ್ಟರೆ ನರಪಿಳ್ಳೆಯೂ ಸಿಗುವುದಿಲ್ಲ. ಅಂಥದ್ದರಲ್ಲಿ ಇಷ್ಟು ವರ್ಷ ಆರಾರು ಚೀಟಿ ಹರವಿಕೊಂಡು ಆಡಿದ ಮುದುಕಿ ಒಂದು ದಿನ ಇದ್ದಕ್ಕಿದ್ದಂತೆ, ಅದು ಸೈತಾನನ ಆಟ, ಇನ್ನು ತನಗೆ ಬೇಡ ಎಂದುಬಿಟ್ಟಳು. ಪಾದ್ರಿ ಹಿರಿಹಿರಿ ಹಿಗ್ಗಿದ. ಭಾನುವಾರ ಅವಳ ಹೆಸರೆತ್ತಿ ಹೊಗಳಿದ. ಅವಳು ಅವನ ಬಾಯಿಯನ್ನೇ ನೋಡುತ್ತ ತಲೆಯಾಡಿಸಿದಳು. ಒಂದು ಮಾತೂ ಅವಳಿಗೆ ಕೇಳಿಸಿರಲಿಲ್ಲ.

ಬೇರೆ ಯಾರ ಕಿವಿ ಹೋಗಿದ್ದರೂ ನಾವು ನಾಲ್ಕು ದಿನ ನಕ್ಕು, ಐದನೆಯ ದಿನದಿಂದ ಗಟ್ಟಿಯಾಗಿ ಮಾತಾಡಲು ಕಲಿಯುತ್ತಿದ್ದೆವು. ಆದರೆ ಉಲಾಯು ಕಿವಿಗೆ ಕೂರುವವಳು. ಚಳಿಗಾಲದ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನಮ್ಮ ಕೊಲ್ಲಿಯ ನೀರು ಆರೇಳು ಆಳೆತ್ತರ ಇಳಿದುಹೋಗುತ್ತದೆ. ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆ ಆಧಾರವಿಲ್ಲದೆ ಬಂಡೆಗಳ ಮೇಲೆ ಕುಸಿದು ಕೂರುತ್ತದೆ, ಬಂಡೆ ಬಂಡೆಗಳ ನಡುವೆ ಗವಿಗಳು ಉಳಿಯುತ್ತವೆ. ದಡದ ಹತ್ತಿರ ಹಾರೆಯಿಂದ ತೂತು ಕೊರೆದು ಇಳಿದರೆ ಕಡಲ ತಳ. ಅರ್ಧ ಗಂಟೆ ನಮ್ಮದು, ಆಮೇಲೆ ನೀರಿನದು. ಆ ಅರ್ಧ ಗಂಟೆಯೊಳಗೆ ಬಕೆಟ್ಟು ತುಂಬ ಬಂಡೆಗಂಟಿದ ಪಚ್ಚಿಲೆ ಚಿಪ್ಪು ಕಿತ್ತು ಮೇಲೆ ಬರಬೇಕು. ಕೀಳುವವರಿಗೆ ಚಿಪ್ಪುಗಳ ಕಟಕಟ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ. ಅದಕ್ಕೇ ಒಬ್ಬರು ಕಡಲ ಕಡೆಯ ಕಲ್ಲಿನ ಮೇಲೆ ಕೂತು, ಕೈಕಟ್ಟಿಕೊಂಡು, ನೀರು ವಾಪಸು ಬರುವ ಸದ್ದಿಗೆ ಕಾಯುತ್ತಾರೆ. ಅವರು ಕೂಗಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹತ್ತಬೇಕು, ಅದರಲ್ಲಿ ಎರಡನೇ ಮಾತಿಲ್ಲ.

ಆ ಕೆಲಸವನ್ನು ಉಲಾಯು ಐವತ್ತು ವರ್ಷ ಮಾಡಿದ್ದಳು. ಗಂಡನನ್ನು ಮಣ್ಣಿಗೆ ಕಳಿಸಿದ ಚಳಿಗಾಲದಲ್ಲೂ ಬಿಟ್ಟಿರಲಿಲ್ಲ. ಬೂಟು ಹೊಲಿಯುವುದರಲ್ಲಿ ಅವಳ ಕೈ ಅಷ್ಟಕ್ಕಷ್ಟೆ, ಅಡುಗೆಯಂತೂ ಕೇಳಲೇಬೇಡಿ. ಆದರೆ ಆ ಐವತ್ತು ವರ್ಷದಲ್ಲಿ ಒಬ್ಬರ ಮೊಣಕಾಲೂ ಒದ್ದೆಯಾಗಿರಲಿಲ್ಲ.

ಮಂಜಿನಡಿಯ ಜಾಗ ಎಂಥದ್ದು ಎಂದು ಹೊರಗಿನವರು ಕೇಳುತ್ತಾರೆ. ಬದುಕಿದ್ದವರು ಇರಬೇಕಾದ ಜಾಗವಲ್ಲ, ಅಷ್ಟೆ. ತೂತಿನ ಹತ್ತಿರ ಮಂಜುಗಡ್ಡೆಯ ಮೂಲಕ ಹಗಲು ಒಂದಿಷ್ಟು ನೀಲಿಯಾಗಿ ಸೋರುತ್ತದೆ, ಹತ್ತು ಹೆಜ್ಜೆ ಆಚೆ ಅದೂ ಇಲ್ಲ. ಮೇಲಿನ ಬಂಡೆಗಳನ್ನು ಮಂಜು ವರ್ಷ ವರ್ಷವೂ ಉಜ್ಜಿ ಬೋಳು ಮಾಡಿರುತ್ತದೆ. ಜೀವ ಇರುವುದು ಸಂದಿಗಳಲ್ಲಿ, ತಗ್ಗಿನಲ್ಲಿ. ಅಗಲ ಎಲೆಯ ಕಡಲಪಾಚಿ ಮಗ್ಗುಲಾಗಿ ಬಿದ್ದಿರುತ್ತದೆ. ಅದರ ಕೆಳಗೆ ಮುಳ್ಳುಚೆಂಡುಗಳು, ಕೈಮಡಚಿದ ನಕ್ಷತ್ರಮೀನುಗಳು, ನೀರಿನಲ್ಲಿ ಹೂವಿನಂತೆ ಅರಳಿ ಈಗ ಸಿಂಬಳದಂತೆ ಜೋತುಬಿದ್ದ ಮೆತ್ತನೆಯ ಜೀವಿಗಳು. ಆ ಚಳಿಯಲ್ಲಿ ಯಾವುದಕ್ಕೂ ಅವಸರವಿಲ್ಲ. ಮರಳಿನಲ್ಲಿ ಹೂತ ಚಿಪ್ಪುಗಳಲ್ಲಿ ಕೆಲವು ನಮ್ಮ ಮುತ್ತಜ್ಜಿಗಿಂತ ಹಿರಿಯವು. ಎಲ್ಲವೂ ಸುಮ್ಮನೆ ಬಿದ್ದಿರುತ್ತವೆ, ನಾವು ಹೊರಟುಹೋಗಲಿ ಎಂದು ಕಾಯುತ್ತವೆ. ತಲೆಯ ಮೇಲೆ ಮಂಜು ನರಳುತ್ತದೆ. ಧೈರ್ಯವಂತರು ಹಾಡು ಹೇಳುತ್ತಾರೆ, ಉಳಿದವರು ಬೇಗ ಬೇಗ ಕೀಳುತ್ತಾರೆ.

ಐವತ್ತೇಳು ವರ್ಷದ ಹಿಂದೆ ಅದೇ ಕೊಲ್ಲಿಯಲ್ಲಿ ಉಲಾಯುವಿನ ಅಕ್ಕ ಅಕಿನಿಸಿ ಹೋದಳು. ಅಕ್ಕನಿಗೆ ಹತ್ತೊಂಬತ್ತು, ತಂಗಿಗೆ ಹದಿನಾಲ್ಕು. ಅಂದು ಕಿವಿಗೆ ಕೂತಿದ್ದವಳು ಉಲಾಯು. ನೀರು ಬಂದಾಗ ಅಕ್ಕ ಅವಳನ್ನು ಸೊಂಟ ಹಿಡಿದು ಎತ್ತಿ ತೂತಿನಿಂದ ಮೇಲಕ್ಕೆ ನೂಕಿದಳು, ತಾನು ಹತ್ತಲಾಗಲಿಲ್ಲ. ಸದ್ದೇ ಬರಲಿಲ್ಲ ಎಂದು ಉಲಾಯು ಅಂದಳು. ಮಗು, ಪಾಪ, ಅದರದ್ದೇನು ತಪ್ಪು ಎಂದು ಹಿರಿಯರು ಅಲ್ಲಿಗೇ ಬಿಟ್ಟರು. ಜುಲೈನಲ್ಲಿ ಮಂಜು ಒಡೆದ ಮೇಲೆ ಭೂಶಿರದ ಕಲ್ಲುಗಳ ನಡುವೆ ಕೋಟು ಸಿಕ್ಕಿತು. ಅಪ್ಪ ಅದನ್ನು ಎತ್ತಿದಾಗ ಅದು ಅಲುಗಾಡುತ್ತಿತ್ತು. ಒಳಗೆ ಬೆಳ್ಳಗೆ ತೊಳೆದಿಟ್ಟಂಥ ಮೂಳೆಗಳು, ಅವುಗಳ ತುಂಬ ಕಡಲಹೇನು.

ಕಡಲಹೇನು ಅಂದರೆ ಉಗುರಿನಷ್ಟು ಉದ್ದದ, ಬೆನ್ನು ಬಾಗಿದ, ಸಿಗಡಿಯಂಥ ಹುಳ. ಬಲೆಯಲ್ಲಿ ಸಿಕ್ಕ ಸೀಲನ್ನು ಒಂದು ದಿನ ಮರೆತರೆ ಸಾಕು, ಚರ್ಮದ ಚೀಲದಲ್ಲಿ ಮೂಳೆ ಮಾತ್ರ ಉಳಿಸಿರುತ್ತವೆ. ಅವಕ್ಕೆ ಸೀಲೂ ಒಂದೇ, ಅಕ್ಕನೂ ಒಂದೇ. ಆಮೇಲೆ ಏಳು ವರ್ಷ ಆ ಕೊಲ್ಲಿಯಿಂದ ಯಾರೂ ಒಂದು ಚಿಪ್ಪನ್ನೂ ತಿನ್ನಲಿಲ್ಲ. ಮತ್ತೆ ಇಳಿಯತೊಡಗಿದಾಗ ಕಿವಿಗೆ ತಾನೇ ಕೂರುವೆನೆಂದು ಉಲಾಯು ಹಟ ಹಿಡಿದಳು.

ಉಲಾಯುವಿನ ಅಣ್ಣನ ಮಗಳು ಹೆತ್ತಾಗ ಕೂಸಿಗೆ ಅಕಿನಿಸಿಯ ಹೆಸರಿಟ್ಟರು. ನಮ್ಮಲ್ಲಿ ಸತ್ತವರ ಹೆಸರು ಬಂದ ಮೇಲೆ ಸತ್ತವರೂ ತಿರುಗಿ ಬಂದ ಹಾಗೆ. ಉಲಾಯು ತೊಟ್ಟಿಲಿನ ಕೂಸನ್ನು "ಅಕ್ಕ" ಎಂದು ಕರೆದಳು, ಕೂಸು ಮಾತು ಕಲಿತು ಅವಳನ್ನು "ತಂಗಿ" ಎಂದಿತು. ಈಗ ಈ ಅಕ್ಕನಿಗೆ ಇಪ್ಪತ್ತಾರು, ತಂಗಿಗೆ ಎಪ್ಪತ್ತೊಂದು. ಅಕ್ಕ ಮುಸುಸಿ ಎಂಬ ಮಾತಿನಮಲ್ಲನನ್ನು ಮದುವೆಯಾದ ದಿನದಿಂದ ಅವನು ಮುದುಕಿಗೆ ಭಾವನಾದ. ಊರ ಮುಂದೆಯೇ "ಏನ್ ನಾದಿನಿ, ಇವತ್ತು ಭಾರಿ ಚೆಂದ ಕಾಣ್ತೀಯಲ್ಲ" ಎಂದು ಕಿಚಾಯಿಸುತ್ತಿದ್ದ. ಅವಳೂ ನಾಚಿದ ಹಾಗೆ ಮಾಡಿ ಅವನ ಬೆನ್ನಿಗೆ ಗುದ್ದುತ್ತಿದ್ದಳು.

ಈ ಇಬ್ಬರನ್ನೇ ಅವಳು ಮಂಜಿನಡಿ ಕರೆದೊಯ್ಯುತ್ತಿದ್ದಳು, ಕಿವಿ ಹೋದ ಮೇಲೂ. ಕಿವುಡಿ ಎಂದು ಹೇಳಿದರೆ ಆ ಕಲ್ಲಿನ ಮೇಲೆ ಬೇರೆ ಯಾರೋ ಕೂರುತ್ತಾರೆ. ಆ ಬೇರೆಯವರ ಕಿವಿಯನ್ನು ನಂಬಿ ಅಕ್ಕನನ್ನು ಇನ್ನೊಮ್ಮೆ ಕೆಳಗೆ ಇಳಿಸುವುದು ಅವಳಿಂದ ಸಾಧ್ಯವಿರಲಿಲ್ಲ. ಹೇಳದೆ ಇದ್ದರೆ ತಾನೇ ಕೊಂದ ಹಾಗೆ. ಆ ಭಯ ಮೂರು ವರ್ಷ ಅವಳನ್ನು ಒಳಗೊಳಗೇ ತಿಂದಿತು, ಆದರೂ ಬಾಯಿ ಬಿಡಲಿಲ್ಲ. ಅವಳಿಗೆ ಇನ್ನೊಂದು ದಾರಿ ಗೊತ್ತಿತ್ತು. ಎಲ್ಲಿ ಕಲಿತದ್ದು ಎಂದು ಯಾರಿಗೂ ಹೇಳಿರಲಿಲ್ಲ.

ನೀರು ತಿರುಗುವ ಮೊದಲೇ ಕಡಲಹೇನುಗಳಿಗೆ ಗೊತ್ತಾಗುತ್ತದೆ. ಪಾಚಿಯಡಿ ಸತ್ತ ಹಾಗೆ ಒತ್ತೊತ್ತಾಗಿ ಬಿದ್ದಿದ್ದವು ಒಮ್ಮೆಲೇ ಏಳುತ್ತವೆ, ಸಿಕ್ಕಿದ್ದನ್ನು ಹತ್ತುತ್ತವೆ. ಉಲಾಯು ಬಲಗೈ ಗವಸು ಕಳಚಿ, ಬರಿ ಅಂಗೈಯನ್ನು ಕಲ್ಲಿನ ಬುಡದ ಒದ್ದೆ ಪಾಚಿಯ ಮೇಲಿಟ್ಟು ಕೂರುತ್ತಿದ್ದಳು. ಬೆರಳು ಮರಗಟ್ಟುತ್ತಿದ್ದವು. ಪುಟ್ಟ ಕಾಲುಗಳು ಮೊದಲ ಸಲ ಮಣಿಕಟ್ಟನ್ನು ಮುಟ್ಟಿದಾಗ ಪ್ರತಿಸಲವೂ ಅವಳ ಮೈ ಜುಮ್ಮೆನ್ನುತ್ತಿತ್ತು. ಅಕ್ಕನನ್ನು ತಿಂದ ಹುಳುಗಳ ಮರಿಮಕ್ಕಳು ಇವು, ಅಕ್ಕನ ಒಂದಿಷ್ಟು ಇವುಗಳಲ್ಲಿ ಇರಲೇಬೇಕು ಎಂದು ಅವಳಿಗೆ ಅನಿಸುತ್ತಿತ್ತು. ಕೆಲವೊಮ್ಮೆ ಅದು ಹುಳವಲ್ಲ, ಯಾರೋ ಕೈ ಹಿಡಿಯಲು ತಡಕಾಡುತ್ತಿದ್ದಾರೆ ಎನಿಸುತ್ತಿತ್ತು. ಆಗ ಎದ್ದು ಕೂಗುತ್ತಿದ್ದಳು.

ಹೋದ ಫೆಬ್ರವರಿಯ ಅಮಾವಾಸ್ಯೆಗೆ ಮೂವರೂ ತೂತಿಗೆ ಏಣಿ ಇಟ್ಟು ಇಳಿದರು. ಮೂರು ದಿನ ಬೀಸಿದ ಬಿರುಗಾಳಿ ಬೆಳಿಗ್ಗೆಯಷ್ಟೇ ನಿಂತಿತ್ತು. ಮುಸುಸಿ ತನ್ನ ಫೋನಿನಲ್ಲಿ ಮೂವತ್ತು ನಿಮಿಷ ಲೆಕ್ಕಕ್ಕಿಟ್ಟು ಜೇಬಿಗೆ ಹಾಕಿಕೊಂಡ. ಗಂಡಹೆಂಡತಿ ಹಣೆಗೆ ದೀಪ ಕಟ್ಟಿಕೊಂಡು ಕೀಳತೊಡಗಿದರು. ಉಲಾಯು ಕಲ್ಲಿನ ಮೇಲೆ ಕೂತು ಗವಸು ತೆಗೆದಳು. ಅವಳ ಪಾಲಿಗೆ ಅಲ್ಲಿ ಮೂರು ವರ್ಷದಿಂದ ಮಂಜೂ ನರಳುತ್ತಿರಲಿಲ್ಲ, ಚಿಪ್ಪೂ ಕಟಕಟ ಅನ್ನುತ್ತಿರಲಿಲ್ಲ. ದೂರದಲ್ಲಿ ಎರಡು ದೀಪಗಳು ಬಾಗುವುದು, ಏಳುವುದು ಮಾತ್ರ ಕಾಣುತ್ತಿತ್ತು.

ಎಷ್ಟು ಹೊತ್ತಾಗಿತ್ತೋ, ಅಂಗೈ ಕೆಳಗಿನ ಪಾಚಿ ಮಿಸುಕಿತು. ಇಷ್ಟು ಬೇಗ ಇರಲಾರದು ಎಂದುಕೊಂಡಳು. ಅಷ್ಟರಲ್ಲಿ ಬೆರಳ ಸಂದಿಯಲ್ಲಿ, ಅಂಗೈಯಲ್ಲಿ, ತೋಳಿನೊಳಗೆ ಬಂದವು. ದೀಪ ಹಾಕಿ ನೋಡಿದರೆ ಕಲ್ಲೇ ಕುದಿಯುತ್ತಿತ್ತು. ನೆಲದ ಹೇನುಗಳೆಲ್ಲ ಬಂಡೆ ಹತ್ತುತ್ತಿದ್ದವು, ಒಂದರ ಮೇಲೊಂದು ಬಿದ್ದು, ಅವಳ ಬೂಟು ಹತ್ತಿ, ಮೊಣಕಾಲು ದಾಟಿ. ಹಾಗೆ ಅವು ಏಳುವುದನ್ನು ಅವಳು ಜೀವಮಾನದಲ್ಲಿ ಒಂದೇ ಸಲ ಕಂಡಿದ್ದಳು. ಎದ್ದು ಬಿದ್ದು ದೀಪಗಳ ಕಡೆ ಓಡಿದಳು, ಮೇಲೆ ಹತ್ತಿ ಎಂದು ಕೂಗಿದಳು.

ಮುಸುಸಿ ಫೋನು ತೆಗೆದು ತೋರಿಸಿದ. ಹೆಂಡತಿಯ ದೀಪದಲ್ಲಿ ಅವನ ತುಟಿ ಸ್ಪಷ್ಟವಾಗಿ ಕಂಡಿತು. "ಇನ್ನೂ ಹದಿನೆಂಟು ನಿಮಿಷ ಇದೆ, ನಾದಿನಿ. ಹೆದರಿಕೆ ಆದ್ರೆ ನೀನು ಮೇಲ್ಹೋಗಿ ಚಾ ಕಾಯಿಸು."

ಅಕಿನಿಸಿ ಕೈ ತಡೆದು ಕಡಲ ಕಡೆ ಕಿವಿಗೊಟ್ಟಳು. ಅವಳಿಗೇನೂ ಕೇಳಿಸಲಿಲ್ಲ. "ತಂಗಿ, ನಿಂಗೆ ನೀರಿನ ಸದ್ದು ಕೇಳಿಸ್ತಾ?"

ಹೂಂ ಅಂದಿದ್ದರೆ ಆಗುತ್ತಿತ್ತು. ಆದರೆ ಅಲ್ಲಿ ಸದ್ದಿಲ್ಲವೆಂಬುದು ಎದುರಿನವರ ಮುಖದಲ್ಲೇ ಬರೆದಿತ್ತು. ಹೂಂ ಅಂದರೆ ಮುದುಕಿಗೆ ಅರಳುಮರಳು ಎಂದು ನಕ್ಕು ಮತ್ತೆ ಬಾಗುತ್ತಿದ್ದರು.

"ಇಲ್ಲ ಅಕ್ಕ. ನಂಗೇನೂ ಕೇಳ್ಸಲ್ಲ. ಕಿವಿ ಹೋಗಿ ಮೂರು ಚಳಿಗಾಲ ಆಯ್ತು. ಹುಳ ಎದ್ದಿವೆ, ನೋಡು," ಎಂದು ಕೈ ಮುಂದೆ ಚಾಚಿದಳು. ಮೊಣಕೈವರೆಗೂ ಹುಳ ಹರಿದಾಡುತ್ತಿದ್ದವು.

ಅಕಿನಿಸಿ ಕೈಯನ್ನು ನೋಡಲಿಲ್ಲ, ಮುಖವನ್ನು ನೋಡಿದಳು. "ಮೂರು ವರ್ಷ," ಅಂದಳು. "ನನ್ನ ಜೀವ ನಿನ್ನ ಕೈಲಿಟ್ಟು ಇಲ್ಲಿ ಬಗ್ಗಿದ್ದೆ. ನೀನು ಕಿವುಡಿ, ಅಲ್ಲಿ ಸುಮ್ನೆ ಕೂತಿದ್ದೆ."

ಬಕೆಟ್ಟನ್ನು ಬಂಡೆಗೆ ಎಸೆದು ಏಣಿ ಹತ್ತಿದಳು. ಹೆದರಿ ಅಲ್ಲ, ಆ ಮುಖದ ಎದುರು ಒಂದು ಗಳಿಗೆಯೂ ನಿಲ್ಲಲಾರದೆ. ಹುಳುಗಳ ಮಾತು ಅವಳ ಕಿವಿಗೆ ಬಿದ್ದಿತೋ ಇಲ್ಲವೋ, ಸಿಟ್ಟು ಅವಳನ್ನು ಮೇಲಕ್ಕೆ ಒಯ್ದಿತು. ಮುಸುಸಿ ಬೈದುಕೊಳ್ಳುತ್ತ ಹಿಂದೆ ಹೊರಟವನು ಕಾಲಿನ ಕಡೆ ನೋಡಿದ. ಬಿರುಗಾಳಿ ನೂಕಿದ ಕಪ್ಪು ನೀರು ಹೊತ್ತಿಗೆ ಮೊದಲೇ ಬೂಟಿನ ಮೇಲೆ ಬಂದಿತ್ತು. ಅಲೆಯಿಲ್ಲ, ನೊರೆಯಿಲ್ಲ, ಸದ್ದಿಲ್ಲ. ಕಲ್ಲುಗಳ ಸಂದಿಯಿಂದ ಎಣ್ಣೆಯ ಹಾಗೆ ಏರುತ್ತಿತ್ತು. ಅವನು ಮುದುಕಿಯನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದಾಗ ಸೊಂಟದವರೆಗೆ ಒದ್ದೆಯಾಗಿದ್ದ. ಸ್ವಲ್ಪ ಹೊತ್ತಿಗೆ ತೂತು ತುಂಬಿತು. ಅಕಿನಿಸಿಯ ಬಕೆಟ್ಟು ತೇಲಿ ಬಂತು. ಬಾಯಿವರೆಗೂ ಕಡಲಹೇನು ತುಂಬಿದ್ದವು.

ಮಂಜಿನ ಮೇಲೆ ಹಿಂತಿರುಗುವಾಗ ಅಕಿನಿಸಿ ಜಾರುಬಂಡಿಯಲ್ಲಿ ಮುದುಕಿಗೆ ಬೆನ್ನು ಹಾಕಿ ಕೂತಳು. ಸಂಜೆಗೆ ವಿಷಯ ಊರ ರೇಡಿಯೋದಲ್ಲೇ ಬಂತು. ಉಲಾಯು ಇನ್ನು ಮಂಜಿನಡಿ ಇಳಿಯಕೂಡದೆಂದು ಹಿರಿಯರು ಹೇಳಿದರು, ಹೇಳಿದ್ದು ಸರಿಯೇ. ಅದು ಅವಳಿಗೆ ಅಷ್ಟು ನೋಯಲಿಲ್ಲ. ನೋವಾದದ್ದು ನಾಲ್ಕನೆಯ ದಿನ ಅಂಗಡಿಯಲ್ಲಿ. ಹಾಲಿನ ಡಬ್ಬಿಗಳ ಎದುರು ಅಕಿನಿಸಿ ಸಿಕ್ಕಳು, ದಾರಿ ಬಿಡೆಂದು ಹೇಳುವಾಗ ಅವಳ ತುಟಿಗಳು "ಉಲಾಯು" ಎಂದವು. ತಂಗಿ ಅನ್ನಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮುದುಕಿ ಮನೆಗೆ ಬಂದು ಕೋಟು ಬಿಚ್ಚದೆ ಸಂಜೆಯವರೆಗೆ ಕೂತಿದ್ದಳು. ಅಕ್ಕ ಎರಡನೇ ಸಲ ಸತ್ತಳು, ಎರಡನೇ ಸಲವೂ ಕೊಂದವಳು ನಾನೇ ಎಂದುಕೊಂಡಳು.

ಹುಣ್ಣಿಮೆಯ ದಿನ ಮಧ್ಯಾಹ್ನ ಬಾಗಿಲು ತೆರೆಯಿತು. ಅಕಿನಿಸಿ ಒಬ್ಬಳೇ ಬಂದಿದ್ದಳು. ಕುರ್ಚಿ ಎಳೆದು, ತನ್ನ ಮುಖಕ್ಕೆ ಕಿಟಕಿಯ ಬೆಳಕು ಬೀಳುವ ಹಾಗೆ ಮುದುಕಿಯ ಎದುರು ಕೂತಳು. ಚಾ ಬೇಡವೆಂದಳು. ನಿಧಾನವಾಗಿ, ಒಂದೊಂದೇ ಮಾತಾಗಿ ಕೇಳಿದಳು: "ಹುಳದ್ದು ನಿಂಗೆ ಯಾರು ಹೇಳಿಕೊಟ್ರು? ನನ್ನಮ್ಮಂಗೆ ಗೊತ್ತಿಲ್ಲ, ಊರಲ್ಲಿ ಯಾರಿಗೂ ಗೊತ್ತಿಲ್ಲ."

ಉಲಾಯು ಸುಳ್ಳು ಹುಡುಕಲಿಲ್ಲ. "ಆವತ್ತು," ಅಂದಳು. "ನೀನು ಹೋದಿಯಲ್ಲ, ಆವತ್ತು. ಸದ್ದು ಬರ್ಲಿಲ್ಲ ಅಂದಿದ್ದು ನಿಜ. ಆದ್ರೆ ಹುಳ ಎದ್ದಿದ್ವು ಅಕ್ಕ. ನನ್ನ ಕೈ ತುಂಬ ಹತ್ತಿದ್ವು. ನನ್ನ ಡಬ್ಬಿ ಖಾಲಿ ಇತ್ತು, ಎಲ್ರೂ ನಗ್ತಾರೆ ಅಂತ ಕಲ್ಲು ಬಿಟ್ಟು ಎದ್ದು ಕೀಳ್ತಾ ಇದ್ದೆ. ಹುಳ ಕೊಡವಿಕೊಂಡು ಮತ್ತೆ ಕೀಳ್ತಾ ಇದ್ದೆ. ಒಂದ್ಮಾತು ಕೂಗ್ಲಿಲ್ಲ."

ಯಾರಿಗೂ ಹೇಳದಿದ್ದ ಮಾತು ಅದು. ಹೇಳಿದ ಮೇಲೆ ಅವಳಿಗೆ ತಲೆ ಎತ್ತುವ ಧೈರ್ಯ ಬರಲಿಲ್ಲ. ಆದರೆ ಎತ್ತದೆ ಉತ್ತರ ಕೇಳುವ ಹಾಗಿರಲಿಲ್ಲ. ಎತ್ತಿದಳು. ಎದುರಿಗಿದ್ದ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ಇಪ್ಪತ್ತಾರರ ಹುಡುಗಿಯ ಮುಖದ ಹಾಗೂ ಕಾಣಲಿಲ್ಲ. ತುಟಿಗಳು ಅಲುಗಾಡಿದವು.

"ನಂಗೊತ್ತು ತಂಗಿ. ಆವತ್ತು ನನ್ನ ಕೈಗೂ ಹತ್ತಿದ್ವು. ನಾನೂ ಕೊಡವಿಕೊಂಡೆ."

ಉಲಾಯು ಹದಿನಾಲ್ಕು ವರ್ಷದ ಹುಡುಗಿ ಅಳುವ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು, ಅಕ್ಕ ಅವಳ ಕೈ ಹಿಡಿದುಕೊಂಡು ಕೂತಿದ್ದಳು.