ನೀಲವ್ವನ ಕಾರ್ಡಿನ ವಯಸ್ಸು

ನಮ್ಮೂರ ನೀಲವ್ವನ ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿದ ಮೇಲೆ ಆಕೆಯನ್ನು ಹಾನಗಲ್ಲಿನಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದದ್ದು ಅದು ಮೂರನೆಯ ಸಲ. ನನ್ನಂಥ ಆಶಾ ಕಾರ್ಯಕರ್ತೆ ಅಂದರೆ ಊರವರ ನೋವಿಗೆಲ್ಲ ಬಸ್ಸು ಹತ್ತುವವಳು. ಅಷ್ಟೊತ್ತೂ ನನ್ನ ಕೂಸು ಅತ್ತೆಯ ಹತ್ತಿರ ಅಳುತ್ತಿರುತ್ತದೆ.

ಮುಂದಿನ ಔಷಧ ಯಾವುದೆಂದು ಡಾಕ್ಟರಮ್ಮ ಕಂಪ್ಯೂಟರನ್ನು ಕೇಳಿದರು. ಇದೇ ರೋಗದ ಸಾವಿರಾರು ಹೆಂಗಸರ ವಿವರ ಓದಿ ಕಲಿತ ಕಂಪ್ಯೂಟರಂತೆ ಅದು. ಆಧಾರ್ ಕಾರ್ಡು ನೋಡಿ ವಯಸ್ಸು ಅರವತ್ತಾರು ಎಂದು ಒತ್ತಿದರು. ಬರೀ ಗುಳಿಗೆ ಸಾಕು ಎಂದಿತು.

ನೀಲವ್ವನ ಮುಖ ಅರಳಿತು. ನನಗೆ ತಡೆಯಲಾಗಲಿಲ್ಲ. ಆಕೆ ಹದಿನೆಂಟಕ್ಕೇ ಹೆತ್ತ ಹಿರಿಮಗಳೂ ನಾನೂ ಒಂದೇ ಬೆಂಚಿನಲ್ಲಿ ಕುಳಿತು ಹತ್ತನೆಯ ಇಯತ್ತೆ ಪಾಸಾದವರು; ನನಗೆ ಈಗಷ್ಟೇ ಮೂವತ್ತು. ಸರಕಾರದ ಮುಪ್ಪಿನ ಪಗಾರ, ಅಂದರೆ ವೃದ್ಧಾಪ್ಯ ವೇತನ, ಬೇಗ ಸಿಗಲೆಂದು ಕಾರ್ಡಿನಲ್ಲಿ ವಯಸ್ಸು ಏರಿಸಿಕೊಂಡದ್ದು ಊರಿಗೇ ಗೊತ್ತು.

“ಮೇಡಂ, ಈಕಿಗೆ ಇನ್ನೂ ಐವತ್ತೂ ತುಂಬಿಲ್ರಿ.”

ನೀಲವ್ವ ನನ್ನ ತೊಡೆ ಚಿವುಟಿದಳು. “ಬಾಯಿ ಮುಚ್ಚ! ಪಗಾರ ನಿಂತ್ರ ನೀ ಕೊಡ್ತಿಯೇನ?”

“ನೀನ ಹ್ವಾದ್ರ ಪಗಾರ ಯಾರ ತಗೋತಾರ, ಚಿಗವ್ವ?”

“ಪಗಾರದ ಮಾತು ನನಗ ಬ್ಯಾಡ್ರವ್ವ. ಔಷಧಕ್ಕ ಖರೇ ವಯಸ್ಸ ಬೇಕು,” ಎಂದು ಡಾಕ್ಟರಮ್ಮ ಅಂಕಿ ತಿದ್ದಿದರು. ಈಗ ಕಂಪ್ಯೂಟರು ಈ ವಯಸ್ಸಿಗೆ ಬರೀ ಗುಳಿಗೆ ಸಾಲದು, ಕೀಮೋ ಬೇಕು ಎಂದಿತು. ಅವರೂ ವರದಿಯನ್ನು ಇನ್ನೊಮ್ಮೆ ಓದಿ ಹೌದೆಂದರು. ಕೂದಲು ಉದುರುತ್ತದೆ ಎಂದೂ, ಸೋಮವಾರ ಮೊದಲ ಕೀಮೋಗೆ ಬರಬೇಕೆಂದೂ ಹೇಳಿದರು.

ಊರಿಗೆ ಮರಳುವ ಬಸ್ಸು ತಡಸ ಊರು ದಾಟುವಾಗ ನೀಲವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, “ನನ್ನ ಸಣ್ಣಾಕಿ ಮಾಡಿ ತಲಿ ಬೋಳಸಾಕ ಹೊಂಟಿ, ಹಾಳ ಬಾಯಾಕಿ. ಸೋಮವಾರ ಎಷ್ಟರ ಬಸ್ಸಿಗೆ ಹೋಗೂದು?” ಎಂದಳು.

ವಯಸ್ಸು ಕಡಿಮೆ ಹೇಳಿದ್ದಕ್ಕೆ ಹೆಂಗಸೊಬ್ಬಳಿಂದ ಬೈಸಿಕೊಂಡವಳು ನಾನೊಬ್ಬಳೇ ಇರಬೇಕು.