ಆಸ್ಪತ್ರೆ ಕುರಿ

ಬಿಂಡಿಗನವಿಲೆಯ ಪುಟ್ಟಗೌರಮ್ಮ ಮನೆಯವರ ಕಾಯಿಲೆಗೆಂದು ಕೂಡಿಡುವುದು ಕುರಿಯ ರೂಪದಲ್ಲಿ. ಮಂದೆಯಲ್ಲಿ ಯಾವುದರ ಕೊರಳಿಗೆ ಕೆಂಪು ದಾರವಿದೆಯೋ ಅದು ಆಸ್ಪತ್ರೆ ಕುರಿ. ಹಬ್ಬಕ್ಕೆ ಅದನ್ನು ಕೊಯ್ಯುವ ಮಾತೆತ್ತಿದ ನೆಂಟರು ಬರೀ ಸಾರುಂಡು ಹೋಗಬೇಕಾಗುತ್ತದೆ. ಮಗ ರವೀಂದ್ರ ಬೈಕಿನ ಕಂತಿಗೆ ಅದನ್ನು ಮಾರೋಣವೆಂದಾಗ, "ನಿನ್ನ ಬೈಕಿಗೆ ಜ್ವರ ಬಂದದೇನ್ಲಾ? ಬಂದಿದ್ರೆ ಹೇಳು, ಮಾರ್ತೀನಿ" ಅಂದಳು. ಯಾವುದು ಕಾಯಿಲೆ ಎಂದು ತೀರ್ಮಾನಿಸುವವಳೂ ಅವಳೇ. ಒಂದು ಕುರಿ ಅವಳ ಕನ್ನಡಕವಾಯಿತು, ಇನ್ನೊಂದು ಗಂಡ ನಾಗರಾಜುವಿನ ಹಲ್ಲಿನ ಸೆಟ್ಟಾಯಿತು. "ಈ ವಯಸ್ಸಲ್ಲಿ ಹಲ್ಯಾಕಕ್ಕ?" ಎಂದು ನಕ್ಕ ಓರಗಿತ್ತಿಗೆ, "ಮುದ್ದೆ ನುಂಗ್ಬೋದು, ಕಳ್ಳೆಕಾಯಿ ನುಂಗಕ್ಕಾದದಾ?" ಎಂದು ಬಾಯಿ ಮುಚ್ಚಿಸಿದಳು. ಹೋದ ವರ್ಷ ಸೊಸೆ ಅನು ಹೆತ್ತ ಮೇಲೆ ಮಗುವನ್ನು ಎತ್ತಿಕೊಳ್ಳದೆ, ಗೋಡೆ ನೋಡುತ್ತಾ ಅಳತೊಡಗಿದಳು. ಪುಟ್ಟಗೌರಮ್ಮ ಕುರಿ ಮಾರಿ, ಅವಳನ್ನು ಮನಸ್ಸಿನ ಡಾಕ್ಟರಿಗೆ ತೋರಿಸಲು ಹೊರಡಿಸಿದಳು. ರವೀಂದ್ರ ಬಾಗಿಲಿಗೆ ಅಡ್ಡ ನಿಂತ. "ಅಳೋದೂ ಒಂದು ಕಾಯ್ಲೆನಾ ಅವ್ವ? ಊರೋರು ಏನಂದಾರು?" ಪುಟ್ಟಗೌರಮ್ಮ ದನಿ ಏರಿಸಲಿಲ್ಲ. "ನಿನ್ನ ಹೆತ್ತಾಗ ನಾನೂ ಇಂಗೇ ಅತ್ತಿದ್ದೆ ಕಣ್ಲಾ. ತಿಂಗಳಾನುಗಟ್ಲೆ ನಿನ್ನ ಮುಟ್ನಿಲ್ಲ. ದೆವ್ವ ಇಡ್ದದೆ ಅಂತ ನಂಗೆ ಬೇವಿನ್ ಸೊಪ್ಪಲ್ಲಿ ಬಾರಿಸುದ್ರು. ಇವಳಿಗೆ ಅಂಗಾಗಕ್ಕೆ ನಾನು ಬುಡಾಕಿಲ್ಲ. ದಾರಿ ಬುಡು." ರವೀಂದ್ರ ಈ ಮಾತನ್ನು ಹಿಂದೆಂದೂ ಕೇಳಿರಲಿಲ್ಲ. ಬಾಗಿಲಿನಿಂದ ಸರಿದ. ಆಮೇಲೆ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದು, ಅವರಿಬ್ಬರ ಹಿಂದೆ ತಾನೂ ನಾಗಮಂಗಲದ ಬಸ್ಸು ಹತ್ತಿದ.