ದಾಸವಾಳಕ್ಕೊಂದು ಕ್ಯಾಮೆರಾ

ನನ್ನ ಅಮ್ಮನನ್ನು ಹೂಗಳ್ಳಿ ಅಂದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಅಂದವರು ನಮ್ಮ ಓನರ್ ಆಂಟಿ. ಬಸವೇಶ್ವರನಗರದ ಆ ಮನೆಯ ಕೆಳಗಿನ ಪೋರ್ಷನ್‌ನಲ್ಲಿ ನಾನು ಮತ್ತು ಅಮ್ಮ ಬಾಡಿಗೆಗಿದ್ದೆವು. ಮೇಲೆ ಆಂಟಿ ಮತ್ತು ಅವರ ಯಜಮಾನರು. ಗೇಟಿನ ಪಕ್ಕ ಅವರದೊಂದು ಕೆಂಪು ದಾಸವಾಳದ ಗಿಡ. ಕಾರ್ತಿಕ ಬಂದದ್ದೇ, ಆಂಟಿ ಬೆಳಗ್ಗೆ ಹೂಬುಟ್ಟಿ ಹಿಡಿದು ಇಳಿಯುವಷ್ಟರಲ್ಲಿ ಗಿಡ ಬೋಳಾಗಿರುತ್ತಿತ್ತು. ವಾಕಿಂಗ್ ಹೋಗುವವರು ಕಂಡವರ ಕಾಂಪೌಂಡಿನ ಹೂ ಕಿತ್ತು ತಮ್ಮ ದೇವರಿಗೆ ಏರಿಸುವುದು ನಮ್ಮ ಬಡಾವಣೆಯಲ್ಲಿ ಹೊಸದೇನಲ್ಲ. ಆಂಟಿ ಬೀದಿಯ ಕಡೆ ನೋಡಲಿಲ್ಲ, ನಮ್ಮ ಬಾಗಿಲ ಕಡೆ ನೋಡಿದರು. ಎದುರು ಮನೆಯವರಿಗೆ, ತರಕಾರಿ ಗಾಡಿಯವನಿಗೆ, ಕೊನೆಗೆ ಅಮ್ಮನ ಭಜನೆ ಮಂಡಳಿಯವರಿಗೂ ಹೇಳಿಕೊಂಡು ಬಂದರು.

ಎಪ್ಪತ್ತಾರರ ಅಮ್ಮ ಜಗಳವಾಡಲಿಲ್ಲ. ಭಜನೆಗೆ ಹೋಗುವುದನ್ನೇ ಬಿಟ್ಟಳು. ನಾನು ಮಾರ್ಕೆಟ್ಟಿನಿಂದ ತಂದ ಹೂವನ್ನೂ ಮುಟ್ಟದೆ ದೇವರಿಗೆ ಬರೀ ಅಕ್ಷತೆ ಹಾಕಿ ಕೈಮುಗಿಯುತ್ತಿದ್ದಳು. ಮನೆಯಲ್ಲಿ ಹೂ ಕಂಡರೆ ಯಾರೇನು ಅಂದುಕೊಳ್ಳುತ್ತಾರೋ ಎಂಬ ಭಯ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಶಾಲೆಯ ವಸ್ತುಪ್ರದರ್ಶನಕ್ಕೆಂದು ತರಿಸಿದ್ದ ಒಂದು ಬೋರ್ಡ್ ಮನೆಯಲ್ಲಿತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಅದರ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಕ್ಯಾಮೆರಾ. ಎದುರಿಗೆ ಏನಾದರೂ ಅಲುಗಾಡಿದರೆ ಫೋಟೋ ತೆಗೆದು ಫೋನಿಗೆ ಕಳಿಸುತ್ತಿತ್ತು. ಆಗಸ್ಟ್‌ನಲ್ಲಿ ಮಕ್ಕಳೆದುರು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದು, ಈಗ ನಮ್ಮ ಕಿಟಕಿಯಲ್ಲಿಟ್ಟು ಗಿಡದ ಕಡೆ ತಿರುಗಿಸಿದರೆ ಕ್ಯಾಮೆರಾನೇ ಇಲ್ಲ ಅನ್ನುವ ಸಂದೇಶ ಬಿಟ್ಟು ಬೇರೇನೂ ತೋರಿಸಲೊಲ್ಲದು.

ವಯರ್ ಬದಲಿಸಿದೆ. ಚಾರ್ಜರ್‌ನಿಂದ ಕರೆಂಟ್ ಸಾಲುತ್ತಿಲ್ಲವೇನೋ ಎಂದು ದೊಡ್ಡ ಅಡಾಪ್ಟರ್ ಹಾಕಿದೆ. ಪ್ರೋಗ್ರಾಮನ್ನು ಅಳಿಸಿ ಹೊಸದಾಗಿ ತುಂಬಿದೆ. ಅದೇ ಸಂದೇಶ. ವಿಜಯನಗರದ ಎಲೆಕ್ಟ್ರಾನಿಕ್ಸ್ ಅಂಗಡಿಯವನು ದೂರದಿಂದಲೇ ನೋಡಿ, ಕ್ಯಾಮೆರಾ ಸತ್ತಿದೆ, ಬಿಸಾಕಿ ಅಂದ. ಮುಟ್ಟಿಯೂ ನೋಡದವನ ಮಾತು ನಾನೇಕೆ ಕೇಳಲಿ? ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಕೇಳಿದ್ದು ಬೇರೆಯೇ ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದುಕೊಂಡು ಓನರನ್ನು ಎದುರು ಹಾಕಿಕೊಳ್ಳುವುದು ಯಾಕೆ, ಸುಮ್ಮನಿರಬಾರದೇ? ಸುಮ್ಮನಿದ್ದದ್ದಕ್ಕೇ ಅಮ್ಮನ ಗತಿ ಹೀಗಾಗಿತ್ತು. ಅದರ ಮೇಲೆ ನನ್ನ ಹಟ ಇನ್ನೂ ಹೆಚ್ಚಿತು.

ಭಾನುವಾರ ಅಮ್ಮ ಪಂಚಾಂಗ ಓದುವ ಭೂತಗನ್ನಡಿ ತೆಗೆದುಕೊಂಡು ಬಿಸಿಲಿಗೆ ಕೂತೆ. ಕ್ಯಾಮೆರಾದಿಂದ ಬರುವ ಚಪ್ಪಟೆ ಪಟ್ಟಿಯನ್ನು ಬೋರ್ಡಿನ ಮೇಲೆ ಒಂದು ಕಪ್ಪು ಕ್ಲಿಪ್ ಅದುಮಿ ಹಿಡಿದಿರುತ್ತದೆ. ಅದನ್ನು ಉಗುರಿನಿಂದ ಎತ್ತಿ ನೋಡಿದರೆ, ಒಳಗಿನ ಸಣ್ಣ ಸಣ್ಣ ಹಲ್ಲುಗಳ ನಡುವೆ ಇಳಿದು ಒಣಗಿದ ಗಂಧ, ಅದರ ಜೊತೆ ಕುಂಕುಮ.

ಆಯುಧಪೂಜೆಯ ದಿನ ಅಮ್ಮ ಈಳಿಗೆಮಣೆ, ಕತ್ತರಿ, ನನ್ನ ಸ್ಕೂಟರ್ ಎಲ್ಲಕ್ಕೂ ಗಂಧ ಕುಂಕುಮ ಇಟ್ಟಿದ್ದಳು. ಇದನ್ನೂ ಬಿಟ್ಟಿರಲಿಲ್ಲ. ಕೇಳಿದೆ.

"ನಿನ್ ಕೆಲ್ಸದ ಸಾಮಾನಲ್ವೇನೇ, ಹೇಗೆ ಬಿಡ್ಲಿ? ಕಣ್ಣಿಗೆ ಬೇಡ ಅಂತ ಪಕ್ಕಕ್ಕೆ ಇಟ್ಟೆ," ಅಂದಳು.

ಕ್ಯಾಮೆರಾದ ಕಣ್ಣು ಉಳಿಸಲು ಹೋಗಿ ಅದರ ನರಕ್ಕೇ ಗಂಧ ಬಳಿದಿದ್ದಳು. ನಗು ಬಂತು, ಹದಿನೈದು ದಿನ ತಲೆ ಕೆಡಿಸಿಕೊಂಡದ್ದು ನೆನೆದು ಸಿಟ್ಟೂ ಬಂತು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿಗೆ ಅದ್ದಿ ಮೆಲ್ಲಗೆ ಉಜ್ಜಿ, ಒಣಗಿಸಿ, ಪಟ್ಟಿಯನ್ನು ನೆಟ್ಟಗೆ ಕೂರಿಸಿ ಒತ್ತಿದೆ. ಫೋನಿನಲ್ಲಿ ದಾಸವಾಳದ ಗಿಡ ಮೂಡಿತು.

ಮೂರನೇ ಬೆಳಗ್ಗೆ ಕಳ್ಳರೂ ಮೂಡಿದರು. ಮಂಕಿಕ್ಯಾಪ್ ಹಾಕಿಕೊಂಡು, ಕೊಕ್ಕೆ ಕೋಲಿನಿಂದ ಕೊಂಬೆ ಬಗ್ಗಿಸಿ ಕವರ್ ತುಂಬಿಸುತ್ತಿದ್ದವರು ಆಂಟಿಯ ಯಜಮಾನರೇ. ಪಾರ್ಕಿನ ಸ್ನೇಹಿತರಿಗೆಲ್ಲ ಪೂಜೆಗೆಂದು ಹಂಚುತ್ತಿದ್ದರಂತೆ. ಹೆಂಡತಿ ಇಡೀ ತಿಂಗಳು ಅಮ್ಮನನ್ನು ಆಡಿಕೊಂಡರೂ ಆ ಮನುಷ್ಯ ತುಟಿ ಬಿಚ್ಚಿರಲಿಲ್ಲ.

ಫೋಟೋ ಹಿಡಿದು ಮೇಲೆ ಹೋದೆ. ಆಂಟಿಯ ಮುಖ ಒಂದು ಗಳಿಗೆ ಇಳಿಯಿತು, ಅಷ್ಟೇ.

"ನಮ್ ಗಿಡ, ನಮ್ಮನೆಯವ್ರು ಕಿತ್ಕೊಂಡ್ರೆ ನಿಮಗೇನಮ್ಮ ಕಷ್ಟ?"

ಅಮ್ಮನ ಹತ್ತಿರ ಒಂದು ಮಾತು ತಪ್ಪಾಯ್ತು ಅನ್ನಿ ಎಂದು ಕೇಳಿದೆ. ಇಷ್ಟವಿಲ್ಲದಿದ್ದರೆ ಮನೆ ಖಾಲಿ ಮಾಡಿ ಅಂದರು. ದಡದಡ ಇಳಿದು ಬಂದು, ಆ ಫೋಟೋವನ್ನು ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಲು ಹೊರಟೆ. ಅಮ್ಮ ಫೋನ್ ಕಿತ್ತುಕೊಂಡಳು. ತನ್ನ ಪರವಾಗಿ ಯಾವ ಫೋಟೋವೂ ಮಾತಾಡುವುದು ಬೇಡ ಅಂದಳು. ಮತ್ತೆ ಹೆದರಿದಳು ಅಂದುಕೊಂಡು ನಾನು ಅವತ್ತು ಅವಳ ಜೊತೆ ಸರಿಯಾಗಿ ಮಾತೂ ಆಡಲಿಲ್ಲ.

ಮಾರನೇ ದಿನ ಎಂಟು ಗಂಟೆಗೆ ಗೇಟಿನೆದುರು ತರಕಾರಿ ಗಾಡಿ ನಿಂತಿತ್ತು, ಸುತ್ತ ನಾಲ್ಕು ಮನೆಯ ಹೆಂಗಸರು. ಆಂಟಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಅಮ್ಮ ಮೈಸೂರು ಸಿಲ್ಕ್ ಉಟ್ಟು ಹೊರಗೆ ಬಂದಳು. ಯಜಮಾನರ ಕಣ್ತಪ್ಪಿ ಉಳಿದಿದ್ದ ಒಂದು ಹೂವಿನತ್ತ ಕೈ ಚಾಚಿದಳು, ಎಟುಕಲಿಲ್ಲ. ಒಳಗೆ ಹೋಗಿ ಸ್ಟೂಲ್ ತಂದಳು. ಹತ್ತಿ ಕಿತ್ತಳು. ಸ್ಟೂಲ್ ಮೇಲೆ ನಿಂತೇ ಬಾಲ್ಕನಿಯ ಕಡೆ ಹೂ ಎತ್ತಿ ತೋರಿಸಿದಳು.

"ಇವತ್ತು ನಾನೇ ಕಿತ್ತಿದೀನಿ. ಹೋಗಿ ಎಲ್ರಿಗೂ ಹೇಳ್ಕೊಂಡು ಬನ್ನಿ."

ಅಮ್ಮ ನನ್ನ ಭುಜ ಹಿಡಿದು ಇಳಿದಳು, ಹೂವನ್ನು ಗಣಪತಿಗೆ ಏರಿಸಿದಳು. ಸಂಜೆ ಅದೇ ಸೀರೆಯಲ್ಲಿ ಭಜನೆಗೆ ಹೋದಳು.